ಅಮ್ಮ, ಅಜ್ಜಿಯ ಬಟ್ಟೆಗಳು: ಯಾವುದು ಕೌದಿಗೆ, ಯಾವುದು ಕಸೂತಿಗೆ, ಯಾವುದಕ್ಕೆ ಕತ್ತರಿ ಬೇಡ?

ಸಂಪಿಗೆಮರ (ಮೈಸೂರು):
ಎಲ್ಲರಿಗೂ ನಮಸ್ಕಾರ. ಅಮ್ಮನ ಟ್ರಂಕುಗಳು, ಅದರೊಳಗೇ ಇದ್ದ ಅಜ್ಜಿಯ ಗಂಟು, ಎಲ್ಲ ಈಗ ನಮ್ಮ ಮನೆಗೆ ಬಂದಿವೆ. ಅಜ್ಜಿ ಗಜೇಂದ್ರಗಡದ ಕಡೆಯವರು. ಅಮ್ಮ ಮದುವೆಯಾಗಿ ಮೈಸೂರಿಗೆ ಬಂದವರು. ಹಾಗಾಗಿ ಎರಡೂ ಸೀಮೆಯ ಬಟ್ಟೆ ಇದೆ. ಕೆಂಪು ಸೆರಗಿನ ಇಳಕಲ್ ಸೀರೆಗಳು, ಅದರಲ್ಲಿ ಕೆಲವು 18 ಮೊಳದವು. ಹೊಲಿಸದೇ ಉಳಿದ ಗುಳೇದಗುಡ್ಡದ ಖಣಗಳು, ಅಂದರೆ ಕುಪ್ಪಸಕ್ಕೆ ನೇಯ್ದ ಕೈಮಗ್ಗದ ಬಟ್ಟೆ. ಮಡಿಕೆಯಲ್ಲಿ ಸೀಳಿದ ಮೈಸೂರು ಸಿಲ್ಕ್. ಅಪ್ಪನ ಪಂಚೆಗಳು. ಒಂದಿಷ್ಟು ನೈಲಾನ್ ಸೀರೆ. ಅರಿಶಿನ ಕುಂಕುಮಕ್ಕೆ ಕೊಟ್ಟ ರವಿಕೆ ಕಣಗಳ ದೊಡ್ಡ ರಾಶಿ. ಜೊತೆಗೆ ಅಮ್ಮ ಅರ್ಧ ಮಾಡಿಟ್ಟ ಮ್ಯಾಟಿ ಬಟ್ಟೆಯ (ಎಳೆ ಎಣಿಸಿ ಕಸೂತಿ ಹಾಕುವ ಹತ್ತಿ ಬಟ್ಟೆ) ಟೇಬಲ್ ಕ್ಲಾತ್, ಸೂಜಿ ಚುಚ್ಚಿದ ಹಾಗೇ ಇದೆ.

ನನಗೆ ಕೈಹೊಲಿಗೆ ಚೆನ್ನಾಗಿ ಬರುತ್ತದೆ, ಮಿಷನ್ನೂ ತಕ್ಕಮಟ್ಟಿಗೆ ಗೊತ್ತು. ಹೊಸ ಬಟ್ಟೆ ತರದೆ ಇವನ್ನೇ ಬಳಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಬಣ್ಣ ನೋಡಿ ವಿಂಗಡಿಸಲೋ, ಯಾರ ಬಟ್ಟೆ ಅನ್ನೋದು ನೋಡಿ ವಿಂಗಡಿಸಲೋ?

ಕತ್ತರಿಟೇಪು (ದಾವಣಗೆರೆ):
ಎರಡೂ ಬೇಡ ಅಕ್ಕ. ಮೊದಲು ನೂಲು ಯಾವುದು, ಅದರಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಅಂತ ನೋಡಿ. ಬಣ್ಣ, ನೆನಪು ಎಲ್ಲ ಆಮೇಲೆ. ನಾನು ಹೊಲಿಗೆ ಅಂಗಡಿ ಇಟ್ಟವನು. ಹಳೇ ಬಟ್ಟೆ ತಂದು "ಏನಾದ್ರೂ ಮಾಡಿಕೊಡಿ" ಅನ್ನುವವರಿಗೆಲ್ಲ ಇದನ್ನೇ ಹೇಳುತ್ತೇನೆ.

ಒಳಗಡೆ ಮಡಚಿದ ಅಂಚಿನಿಂದ ನಾಲ್ಕೈದು ಎಳೆ ಬಿಡಿಸಿಕೊಳ್ಳಿ. ಹಾಸಿನ (ಉದ್ದದ) ಎಳೆ ಬೇರೆ, ಹೊಕ್ಕಿನ (ಅಡ್ಡದ) ಎಳೆ ಬೇರೆ. ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ಮೇಣದ ಬತ್ತಿಗೆ ತಾಗಿಸಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆ ಬೂದಿ ಉಳಿಯುತ್ತದೆ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ. ಬೆಂಕಿಯಿಂದ ತೆಗೆದ ಕೂಡಲೇ ಆರುತ್ತದೆ, ಉಳಿದ ಕರಿ ಗುಂಡು ಬೆರಳಲ್ಲಿ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಿ ಸುರುಟಿಕೊಳ್ಳುತ್ತದೆ, ಉಗುರಿಗೂ ಒಡೆಯದ ಗಟ್ಟಿ ಗುಂಡು ಆಗುತ್ತದೆ. ಹಾಸು ಹೊಕ್ಕು ಬೇರೆ ಬೇರೆ ಸುಡಿ ಅಂದಿದ್ದು ಯಾಕೆ ಅಂದರೆ, ಇಳಕಲ್ ಸೀರೆಯಲ್ಲಿ ಒಡಲು ಹತ್ತಿ ಇದ್ದು ಅಂಚು, ಸೆರಗು ರೇಷ್ಮೆಯೋ ಚಮಕಾನೋ ಇರುತ್ತದೆ. ಚಮಕಾ ಅಂದರೆ ರೇಯಾನ್. ನೋಡಲು ರೇಷ್ಮೆ, ಸುಟ್ಟರೆ ಹತ್ತಿಯದೇ ವಾಸನೆ. ನೆನೆದಾಗ ರೇಯಾನಿನ ಶಕ್ತಿ ತುಂಬಾ ಕಡಿಮೆ ಆಗುತ್ತದೆ. ಒದ್ದೆ ಸೆರಗನ್ನು ಹಿಂಡಲೇಬೇಡಿ.

ಎರಡನೆಯದು ಬಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ತೆಳುವಾದ ಜಾಗ ಕಾಣುತ್ತದೆ. ಎರಡು ಹೆಬ್ಬೆರಳ ನಡುವೆ ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಅದು ಒಂಟಿಯಾಗಿ ಹೊಲಿಗೆ ತಡೆಯುವುದಿಲ್ಲ. ಸೀರೆಯಲ್ಲಿ ಕುಳಿತುಕೊಳ್ಳುವ ಭಾಗ ಮೊದಲು ಸವೆಯುತ್ತದೆ. ಒಳಗೆ ಹೋಗುವ ನೆರಿಗೆಯ ಭಾಗ ಹೊಸದರ ಹಾಗೇ ಇರುತ್ತದೆ. ಹಾಗಾಗಿ ಇಡೀ ಸೀರೆಯನ್ನು ಬಿಡಿಸಿ ನೋಡದೆ "ಹರಿದಿದೆ" ಅಂತ ಪಕ್ಕಕ್ಕೆ ಹಾಕಬೇಡಿ.

ಮೂರನೆಯದು ಬಣ್ಣ ಬಿಡುತ್ತದಾ ಅಂತ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಮೂಲೆಯ ಮೇಲೆ ಒತ್ತಿ ಹಿಡಿಯಿರಿ. ಇಳಕಲ್ ಕೆಂಪು, ಹಳೇ ಖಣದ ಕಪ್ಪು ಕೆಂಪು ಎರಡರ ಮೇಲೂ ಕಣ್ಣಿಡಿ.

ಗವಂತಿ (ಧಾರವಾಡ):
ಸರ್ ಹೇಳಿದ್ದೆಲ್ಲ ಸರಿ. ಆದರೆ ಇಳಕಲ್ ಸೀರೆಗಳಿಗೆ ಕತ್ತರಿ ಮುಟ್ಟಿಸುವ ಮುಂಚೆ ಎರಡು ವಿಷಯ ನೋಡಿಬಿಡಿ.

ಒಡಲು ಮತ್ತು ಸೆರಗು ಸೇರುವ ಗೆರೆ ಹುಡುಕಿ. ಕೈಮಗ್ಗದ ಇಳಕಲ್‌ನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹತ್ತಿರದಿಂದ ನೋಡಿದರೆ ಸಣ್ಣ ಕುಣಿಕೆಗಳ ಸಾಲು ಕಾಣುತ್ತದೆ. ಸೆರಗು ಟೋಪತೆನಿ ಇದ್ದರೆ, ಅಂದರೆ ಕೆಂಪಿನ ಮೇಲೆ ಬಿಳಿ ಹಲ್ಲಿನ ವಿನ್ಯಾಸ ಇದ್ದರೆ, ಇನ್ನೂ ಚೆಂದ. ಇಂಥದ್ದು ಗಟ್ಟಿಯಾಗಿದ್ದರೆ ಉಡಬೇಕು. ಅದನ್ನು ದಿಂಬಿನ ಕವರ್ ಮಾಡಬೇಡಿ.

ಎರಡನೆಯದು, ಸೀರೆಯ ಮೇಲೆ ಕಸೂತಿ ಇದೆಯಾ? ತೇರು, ಗೋಪುರ, ಆನೆ, ನವಿಲು, ತುಳಸಿ ವೃಂದಾವನ ಯಾವುದಾದರೂ ಕಂಡರೆ ಸೀರೆ ತಿರುಗಿಸಿ ಹಿಂಭಾಗ ನೋಡಿ. ಗವಂತಿ, ಮುರಗಿ ಎರಡೂ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ. ಒಂದೂ ಗಂಟು ಇರುವುದಿಲ್ಲ. ನೇಗಿ, ಮೆಂಥಿ ಹಾಗಲ್ಲ, ಅವುಗಳ ಹಿಂಭಾಗ ಬೇರೆ. ಮಿಷನ್ ಕಸೂತಿಗೆ ಹಿಂದೆ ಬಾಬಿನ್ ದಾರ ದಪ್ಪಗೆ ಕೂತಿರುತ್ತದೆ. ಕೈಕಸೂತಿ ಆದರೆ ಸೀರೆ ಎಷ್ಟೇ ಜೀರ್ಣವಾಗಿರಲಿ, ಆ ಭಾಗವನ್ನು ತೇಪೆಗೂ ಬಳಸಬೇಡಿ. ಅಜ್ಜಿಯ ಕೈಯದೇ ಇರಬಹುದು ಅಲ್ವಾ?

ಬಾಗಿನ (ತುಮಕೂರು):
ರವಿಕೆ ಕಣದ ರಾಶಿ ಅಂದಿರಲ್ಲ, ನಮ್ಮ ಮನೆಯಲ್ಲೂ ಒಂದು ಬೀರು ತುಂಬಾ ಇದೆ. ಗೌರಿ ಹಬ್ಬದ ಮೊರದ ಬಾಗಿನಕ್ಕೆ, ಮಡಿಲಕ್ಕಿಗೆ, ಗೃಹಪ್ರವೇಶಕ್ಕೆ ಅಂತ ಬರುತ್ತಲೇ ಇರುತ್ತದೆ. ಒಂದನ್ನೂ ಹೊಲಿಸುವುದಿಲ್ಲ. ಅದೇ ಮತ್ತೊಬ್ಬರಿಗೆ ಹೋಗುತ್ತದೆ. ಅವರೂ ಹೊಲಿಸುವುದಿಲ್ಲ. ಇದಕ್ಕೆ ಯಾರಾದರೂ ಒಂದು ದಾರಿ ಹೇಳಿ, ನನಗೂ ಬೇಕು.

ಸಂಪಿಗೆಮರ:
ಎಳೆ ಸುಟ್ಟು ನೋಡಿದೆ. ತುಂಬಾ ಉಪಯೋಗವಾಯಿತು. ರೇಷ್ಮೆ ಅಂದುಕೊಂಡಿದ್ದ ಇಳಕಲ್ ಅಂಚುಗಳಲ್ಲಿ ಹೆಚ್ಚಿನವು ಚಮಕಾ. ಒಂದು ಕಪ್ಪು ಸೀರೆಯಲ್ಲಿ ಮಾತ್ರ ಕೂದಲು ಸುಟ್ಟ ವಾಸನೆ ಬಂತು. ಗವಂತಿ ಅಕ್ಕ, ಆ ಸೀರೆಯ ಸೆರಗಿನ ಹತ್ತಿರವೇ ಸಣ್ಣ ಸಣ್ಣ ಗೋಪುರಗಳಿವೆ. ತಿರುಗಿಸಿದರೂ ಅದೇ ಗೋಪುರ!

ಎರಡು ಪ್ರಶ್ನೆ. ಮೈಸೂರು ಸಿಲ್ಕ್ ಮಡಿಕೆಯ ಗೆರೆಯುದ್ದಕ್ಕೂ ಸೀಳಿದೆ, ಹೊಲಿಯಲಾ? ರವಿಕೆ ಕಣಗಳ ಮಧ್ಯೆ ಒಂದು ಮಿಲ್ ಬಟ್ಟೆಯ ಅಂಚಲ್ಲಿ ಗಜದ ಲೆಕ್ಕದ ಮುದ್ರೆ ಇದೆ. ಅದು ಯಾವ ಕಾಲದ್ದು?

ಹಳೇಜರಿ (ಬೆಂಗಳೂರು):
ಕಪ್ಪು ರೇಷ್ಮೆ, ಮೇಲೆ ಕಸೂತಿ ಅಂದರೆ ಅದು ಚಂದ್ರಕಾಳಿ ಇರಬೇಕು. ಆ ಸೀಮೆಯಲ್ಲಿ ಮದುವೆಗೆ ಕೊಡುತ್ತಿದ್ದ ಸೀರೆ. ದಯವಿಟ್ಟು ಅದನ್ನು ಬೇರೆಯಾಗಿ ತೆಗೆದಿಡಿ. ಇಳಕಲ್ ಸೀರೆಗೂ ಕಸೂತಿಗೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅದರಿಂದ ಹೊಸ ಸೀರೆಗೆ ಹೆಸರು ಬಂತು, ಒಳ್ಳೆಯದೇ. ನಿಮ್ಮ ಟ್ರಂಕಿನಲ್ಲಿರುವ ಹಳೆಯದನ್ನು ಉಳಿಸಬೇಕಾದವರು ಮಾತ್ರ ನೀವೇ.

ಗಜದ ಮುದ್ರೆ: ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. 1960ರ ದಶಕದ ಶುರುವಿನ ಹೊತ್ತಿಗೆ ವ್ಯಾಪಾರವೆಲ್ಲ ಮೀಟರಿಗೆ ತಿರುಗಿತ್ತು. ಹಾಗಾಗಿ ಆ ಬಟ್ಟೆ ಅದಕ್ಕಿಂತ ಹಿಂದಿನದಿರಬಹುದು. ಮುದ್ರೆ ಇರುವ ಅಂಚನ್ನು ಕತ್ತರಿಸಿ ಬಿಸಾಡಬೇಡಿ.

ಸೀಳಿದ ಸಿಲ್ಕ್ ಬಗ್ಗೆ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟರೆ ರೇಷ್ಮೆ ಎಳೆ ಅಲ್ಲೇ ಮುರಿಯುತ್ತದೆ. ಸೀಳಿದ ಎರಡು ಅಂಚನ್ನು ಎಳೆದು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಕೆಳಗೆ ಅದೇ ಬಣ್ಣದ ತೆಳು ಬಟ್ಟೆ ಇಟ್ಟು, ಸೀಳನ್ನು ಮುಚ್ಚಿ, ಸುತ್ತಲಿನ ಗಟ್ಟಿ ಭಾಗಕ್ಕೆ ಸಣ್ಣ ಸೂಜಿಯಲ್ಲಿ ಕೈಹೊಲಿಗೆ ಹಾಕಬೇಕು. ಮೈಸೂರು ಸಿಲ್ಕಿನಂಥ ಕ್ರೇಪ್ ಸೀರೆಯ ನೂಲನ್ನು ಜಾಸ್ತಿ ಹುರಿ ಮಾಡಿರುತ್ತಾರೆ. ನೀರು ತಾಗಿದರೆ ಬಟ್ಟೆ ಕುಗ್ಗುತ್ತದೆ. ಬಕೆಟ್ಟಿನಲ್ಲಿ ನೆನೆಹಾಕಬೇಡಿ.

ಜರಿಯನ್ನು ಉಗುರಿನಿಂದ ಒಂದೆಡೆ ಕೆರೆದು ನೋಡಿ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಅದಕ್ಕೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಒಳಗಿನ ಎಳೆ ಸಾಮಾನ್ಯವಾಗಿ ಕೆಂಪು. ತಾಮ್ರದ ಜರಿ, ಪ್ಲಾಸ್ಟಿಕ್ ಜರಿ ಬೇರೆ. ಹಳೇ ಜರಿ ಸೀರೆ ಕೊಳ್ಳುತ್ತೇವೆ ಅಂತ ಬೀದಿಯಲ್ಲಿ ಬರುವವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಒಂದು ಮದುವೆ ಸೀರೆ ಹಾಗೆ ಹೋಗುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಕೈಮಗ್ಗದ ಯಾವ ಸೀರೆಯನ್ನೂ ಕತ್ತರಿಸಬೇಡಿ. ಹರಿದಿದ್ದರೂ ಸರಿ.

ಕತ್ತರಿಟೇಪು:
ಇದನ್ನು ನಾನು ಒಪ್ಪುವುದಿಲ್ಲ. ಚಂದ್ರಕಾಳಿಯನ್ನು ಕತ್ತರಿಸಬಾರದು, ಸರಿ. ಆದರೆ ಒಡಲೆಲ್ಲ ಜಾಳುಜಾಳಾದ, ದಿನಬಳಕೆಯ ಹತ್ತಿ ಸೀರೆಯನ್ನು ಟ್ರಂಕಿನಲ್ಲಿಟ್ಟರೆ ಏನಾಗುತ್ತದೆ? ಗಂಜಿ ತಿನ್ನಲು ಸಿಲ್ವರ್ ಫಿಶ್ ಹುಳ ಬರುತ್ತದೆ. ಟ್ರಂಕಿನ ತುಕ್ಕು ಹತ್ತುತ್ತದೆ. ಇನ್ನೊಂದು ತಲೆಮಾರಿಗೆ ಅದು ಧೂಳು. ಆ ಸೀರೆ ಉಟ್ಟವರೇ ಅದು ಸವೆದ ಮೇಲೆ ಕೌದಿಗೆ, ಅಂದರೆ ಹಳೇ ಬಟ್ಟೆ ಪದರ ಸೇರಿಸಿ ಹೊಲಿಯುವ ಹೊದಿಕೆಗೆ, ಹಾಕುತ್ತಿದ್ದರು. ತೊಟ್ಟಿಲಿಗೆ ಕಟ್ಟುತ್ತಿದ್ದರು, ಮಗುವಿಗೆ ಹಾಸುತ್ತಿದ್ದರು. ಅದು ಬಟ್ಟೆಗೆ ಮಾಡಿದ ಅವಮಾನ ಅಲ್ಲ.

ಗವಂತಿ:
ಇಬ್ಬರ ಮಾತಿಗೂ ಜಾಗ ಇದೆ. ನಾನು ಮಾಡುವುದು ಹೀಗೆ. ಒಂದು ಸೀರೆಯಲ್ಲಿ ಕೈಕೆಲಸ ಇದ್ದರೆ, ಅಥವಾ ಇನ್ನೂ ಉಡಲು ಬಂದರೆ, ಕತ್ತರಿ ಇಲ್ಲ. ಎರಡೂ ಇಲ್ಲದಿದ್ದರೆ ಸೆರಗನ್ನು ಕೊಂಡಿಯ ಸಮೇತ, ಒಡಲಿನ ಒಂದು ಗೇಣು ಸೇರಿಸಿ ಬಿಡಿಸಿಕೊಳ್ಳುತ್ತೇನೆ. ಅಂಚನ್ನು ಉದ್ದಕ್ಕೆ ತೆಗೆದಿಡುತ್ತೇನೆ. ಗೋಮಿ, ಚಿಕ್ಕಿ ಪರಾಸು, ಗಾಡಿ ದಡಿ, ಹೀಗೆ ಅಂಚಿನ ನಮೂನೆ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಟ್ಟುತ್ತೇನೆ. ಉಳಿದ ಒಡಲು ಕೌದಿಗೆ. ಅಂಚು ಕೆಟ್ಟಿರುವುದು ಕಡಿಮೆ, ಹೊಸ ಕೈಮಗ್ಗದ ಬಟ್ಟೆಗೆ ಹಚ್ಚಿದರೆ ಮತ್ತೊಂದು ಆಯುಷ್ಯ ಸಿಗುತ್ತದೆ.

ಕಾಡಂಚು (ಯಲ್ಲಾಪುರ):
ಕೌದಿ ಮಾತು ಬಂತಲ್ಲ, ನಮ್ಮ ಕಡೆಯದನ್ನೂ ಹೇಳಲೇಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿ ಹೊಲಿಯುತ್ತಾರೆ. ಆಫ್ರಿಕಾ ಮೂಲದ ಜನ, ಎಷ್ಟೋ ತಲೆಮಾರಿನಿಂದ ಇಲ್ಲಿಯವರು. ಅವರ ಕೆಲಸದ ಕ್ರಮವೇ ಬೇರೆ. ಕೆಳಗೆ ಒಂದು ಹಳೇ ಸೀರೆ ಹಾಸುತ್ತಾರೆ. ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಶುರು ಮಾಡಿ, ತುಂಡಿನ ಅಂಚು ಒಳಗೆ ಮಡಚುತ್ತಾ, ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಜೋಡಣೆ, ಪದರ ಹಿಡಿಯುವ ಹೊಲಿಗೆ ಎರಡೂ ಒಂದೇ ಸಲಕ್ಕೆ ಆಗುತ್ತದೆ. ನಾಲ್ಕು ಮೂಲೆಗೆ ಬಣ್ಣದ ತುಂಡುಗಳನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಹಚ್ಚುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದ ಕವಂದಿಯನ್ನು ಮುಗಿದ ಕವಂದಿ ಅಂತ ಅವರು ಒಪ್ಪುವುದಿಲ್ಲ.

ಬಯಲುಸೀಮೆಯ ಕೌದಿಗೆ ಸೀರೆಯನ್ನೇ ಪದರ ಪದರವಾಗಿ ಹಾಸಿ, ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಹತ್ತಿರ ಹತ್ತಿರ ಸಾಲು ಎಳೆಯುತ್ತಾರೆ. ಸಂಪಿಗೆಮರ ಅವರೇ, ನಿಮ್ಮ 18 ಮೊಳದ ಸೀರೆ ಅಂದರೆ 9 ಗಜ, ಸುಮಾರು 8.2 ಮೀಟರ್. ನಾಲ್ಕು ಸಮ ತುಂಡು ಮಾಡಿದರೆ ಒಂದೊಂದೂ ಎರಡು ಮೀಟರಿಗೆ ತುಸು ಜಾಸ್ತಿ. ಎರಡೆರಡನ್ನು ಪಕ್ಕಪಕ್ಕ ಜೋಡಿಸಿದರೆ ಡಬಲ್ ಹಾಸಿಗೆಗೆ ಸಾಕಾಗುವ ಎರಡು ಪದರ ಒಂದೇ ಸೀರೆಯಲ್ಲಿ ಸಿಕ್ಕಿತು. ನಡುವಿಗೆ ಅಪ್ಪನ ಹಳೇ ಪಂಚೆ ಹಾಕಬಹುದು. ಅದು ಮೆತ್ತಗೆ, ಸೂಜಿಯೂ ಸಲೀಸಾಗಿ ಇಳಿಯುತ್ತದೆ. ಎಲ್ಲವನ್ನೂ ಮೊದಲೇ ಒಗೆದು ಒಣಗಿಸಿಕೊಳ್ಳಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಒಂದು ಪದರ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಜರಿ ಚುಚ್ಚುತ್ತದೆ, ಬೇಡ. ನೈಲಾನ್ ಜಾರುತ್ತದೆ, ಬೆವರೂ ಹೀರುವುದಿಲ್ಲ.

ದೂರದೂರು (ನ್ಯೂಜೆರ್ಸಿ):
ಓದುತ್ತಾ ಓದುತ್ತಾ ಊರಿಗೇ ಹೋದ ಹಾಗಾಯಿತು. ನಾನು ಇಲ್ಲಿ ಕ್ವಿಲ್ಟ್ (ಇಲ್ಲಿಯವರ ಕೌದಿ) ಮಾಡುವವರ ಗುಂಪಿನಲ್ಲಿದ್ದೇನೆ. ಬರುವಾಗಲೆಲ್ಲ ಅತ್ತೆ ಕೊಟ್ಟ ಖಣದ ತುಂಡುಗಳನ್ನು ತರುತ್ತೇನೆ. ಖಣಕ್ಕೆ ಒಂದು ಒಳ್ಳೆಯ ಉಪಾಯ ಹೇಳುತ್ತೇನೆ. ಹಳೇ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಆರು ಮೂಲೆಯ ಅಚ್ಚು ಕತ್ತರಿಸಿ. ಖಣದ ತುಂಡನ್ನು ಅದರ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕಿ. ಅಂಥವನ್ನು ಅಂಚಿಗೆ ಅಂಚು ಸೇರಿಸಿ ಕೈಯಲ್ಲಿ ಹೊಲಿದು, ಕೊನೆಗೆ ರಟ್ಟು ತೆಗೆದುಬಿಡಿ. ಅಂಗೈ ಅಗಲದ ತುಂಡೂ ವ್ಯರ್ಥವಾಗುವುದಿಲ್ಲ. ಒಂದೇ ಎಚ್ಚರಿಕೆ: ಖಣದ ಎಳೆ ಬೇಗ ಬಿಚ್ಚುತ್ತದೆ. ಹೊಲಿಗೆಯ ಪಕ್ಕ ಅರ್ಧ ಇಂಚಾದರೂ ಬಟ್ಟೆ ಬಿಡಿ.

ಇಲ್ಲಿ ಕ್ವಿಲ್ಟಿಗೆ ಮಾರುವ ಹತ್ತಿ ದಪ್ಪ. ನಮ್ಮ ಟೂ ಬೈ ಟೂ ರವಿಕೆ ಬಟ್ಟೆ ತೆಳು. ಎರಡನ್ನೂ ಸೇರಿಸಬೇಕಾದರೆ ತೆಳುವಿನ ಹಿಂದೆ ಹಳೇ ಪಂಚೆಯ ಪದರ ಕೊಟ್ಟರೆ ಸಮವಾಗುತ್ತದೆ.

ಸಂಪಿಗೆಮರ:
ಈಗ ಕಷ್ಟದ್ದು. ಮ್ಯಾಟಿ ಬಟ್ಟೆಯ ಟೇಬಲ್ ಕ್ಲಾತ್. ಮೂರು ಮೂಲೆ ಮುಗಿದಿದೆ. ನಾಲ್ಕನೆಯದರಲ್ಲಿ ಅಮ್ಮ ಅರ್ಧ ನವಿಲು ಬಿಟ್ಟಿದ್ದಾರೆ. ಸೂಜಿ ತುಕ್ಕು ಹಿಡಿದು ಕಲೆಯಾಗಿದೆ. ಅಕ್ಕ ಹಾಗೇ ಬಿಡು ಅನ್ನುತ್ತಾಳೆ. ನನಗೆ ಮುಗಿಸಬೇಕು ಅಂತ ತುಂಬಾ ಮನಸ್ಸು. ಆದರೆ ಆ ನೀಲಿ ದಾರ ಈಗ ಎಲ್ಲಿ ಸಿಗುತ್ತದೆ?

ಗವಂತಿ:
ಮುಗಿಸಿ. ಮಾಡುತ್ತಾ ಇದ್ದವರು ಮುಗಿಸಬೇಕು ಅಂತಲೇ ಶುರು ಮಾಡಿದ್ದು.

ಮೊದಲು ಸೂಜಿ ತೆಗೆಯಿರಿ. ಎಳೆಯಬೇಡಿ, ತುಕ್ಕು ಎಳೆಗೆ ಅಂಟಿರುತ್ತದೆ. ಒಂದು ತೊಟ್ಟು ಎಣ್ಣೆ ಸೂಜಿಗೆ ಸವರಿ ಮೆಲ್ಲಗೆ ತಿರುಗಿಸುತ್ತಾ ಹೊರಗೆ ತನ್ನಿ. ಎಣ್ಣೆಯ ಕಲೆ ಸೋಪಿಗೆ ಹೋಗುತ್ತದೆ. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಚೆನ್ನಾಗಿ ಜಾಲಿಸಿ. ಬಿಳಿ ಹತ್ತಿಗೆ ಮಾತ್ರ ಇದು. ಬಣ್ಣದ ದಾರಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ರೇಷ್ಮೆಗೆ ಬೇಡವೇ ಬೇಡ.

ಅಮ್ಮ ಬಳಸಿದ ನೀಲಿ ಯಾವುದು ಅಂತ ತಿಳಿಯಲು ಟೇಬಲ್ ಕ್ಲಾತಿನ ಹಿಂಭಾಗ ನೋಡಿ. ಮುಂದಿನ ದಾರ ಬಿಸಿಲಿಗೆ ಮಾಸಿರುತ್ತದೆ, ಹಿಂದಿನದು ಮೂಲ ಬಣ್ಣ. ಆದರೆ ಹೊಸ ಹೊಲಿಗೆ ಮಾಸಿದ ದಾರದ ಪಕ್ಕ ಕೂರಬೇಕು, ಹಾಗಾಗಿ ಅಂಗಡಿಗೆ ಬಟ್ಟೆಯನ್ನೇ ಒಯ್ದು ಹಗಲು ಬೆಳಕಿನಲ್ಲಿ ಅದರ ಮುಂಭಾಗಕ್ಕೆ ಹೊಂದುವ ನೀಲಿ ಆರಿಸಿ. ಪೂರ್ತಿ ಹೊಂದದಿದ್ದರೆ ಒಂದು ಛಾಯೆ ತಿಳಿಯಾದದ್ದನ್ನೇ ತೆಗೆದುಕೊಳ್ಳಿ. ಅಮ್ಮನ ಹೊಲಿಗೆ ಎಲ್ಲಿ ನಿಂತಿತು, ನಿಮ್ಮದು ಎಲ್ಲಿ ಶುರುವಾಯಿತು ಅಂತ ಕಾಣಲಿ, ಅದರಲ್ಲಿ ತಪ್ಪೇನಿಲ್ಲ. ಟ್ರಂಕಿನಲ್ಲಿರುವ ಹಳೇ ದಾರದ ಲಡಿಯನ್ನು ಬಳಸುವ ಮುಂಚೆ ಒಂದು ಗೇಣು ಎಳೆದು ನೋಡಿ. ಪಟ್ ಅಂತ ತುಂಡಾದರೆ ಅದು ಹೊಲಿಗೆಗೆ ಆಗುವುದಿಲ್ಲ.

ಕೈ ಪಳಗಿದ ಮೇಲೆ ಅದೇ ಮ್ಯಾಟಿಯ ಉಳಿದ ತುಂಡಿನಲ್ಲಿ ಅಜ್ಜಿಯ ಸೀರೆಯ ಗೋಪುರವನ್ನು ಎಣಿಸಿ ಇಳಿಸಿಕೊಳ್ಳಿ. ಮೊದಲು ಚೌಕುಳಿ ಹಾಳೆಯ ಮೇಲೆ ಬರೆದುಕೊಳ್ಳಿ. ರೇಷ್ಮೆಯ ಮೇಲೆ ಮಾಡಬೇಕು ಅಂದರೆ ಎಳೆ ಎಣಿಸುವುದು ಕಣ್ಣಿಗೆ ಕಷ್ಟ. ಮೇಲೆ ಜಾಳು ನೆಟ್ ಬಟ್ಟೆ ಹಚ್ಚಿ, ಅದರ ಮನೆ ಎಣಿಸಿ ಹೊಲಿದು, ಮುಗಿದ ಮೇಲೆ ನೆಟ್‌ನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬಹುದು.

ಹಳೇಜರಿ:
ಇಡುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಅಪ್ಪನ ಪಂಚೆಗಳನ್ನೆಲ್ಲ ಕೌದಿಗೆ ಹಾಕಬೇಡಿ. ಗಂಜಿ ಹೋಗುವ ಹಾಗೆ ಒಗೆದ ಬಿಳಿ ಪಂಚೆಯಷ್ಟು ಒಳ್ಳೆಯ ಸೀರೆ ಸುತ್ತುವ ಬಟ್ಟೆ ಬೇರೆ ಇಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ತೇವ ನಿಂತು ಜರಿ ಕಪ್ಪಾಗುತ್ತದೆ. ಚಂದ್ರಕಾಳಿಯನ್ನು ಮಡಚುವ ಬದಲು ರಟ್ಟಿನ ಕೊಳವೆಗೆ ಪಂಚೆ ಸುತ್ತಿ, ಅದರ ಮೇಲೆ ಸುರುಳಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಬಾರದು. ವರ್ಷಕ್ಕೆ ಒಂದೆರಡು ಸಲ ನೆರಳಲ್ಲಿ ಗಾಳಿಗೆ ಹರಡಿ. ಯಾರ ಸೀರೆ, ಯಾವ ಊರಿನದು, ಗೊತ್ತಿದ್ದಷ್ಟನ್ನು ಬಿಳಿ ನಾಡಾ (ಬಟ್ಟೆಯ ಪಟ್ಟಿ) ಮೇಲೆ ಪೆನ್ಸಿಲಿನಲ್ಲಿ ಬರೆದು ಸುತ್ತಿದ ಬಟ್ಟೆಗೆ ಹೊಲಿದುಬಿಡಿ. ಗೊತ್ತಿರುವ ಅತ್ತೆ, ದೊಡ್ಡಮ್ಮ ಯಾರಾದರೂ ಇದ್ದರೆ ಈಗಲೇ ಕೇಳಿ ಬರೆದುಕೊಳ್ಳಿ.

ಕೌದಿಯ ವಿಷಯದಲ್ಲಿ ಕತ್ತರಿಟೇಪು ಅವರ ಮಾತು ಯೋಚನೆಗೆ ಹಚ್ಚಿತು. ದಿನಬಳಕೆಯ ಹತ್ತಿ ಸೀರೆಗೆ ಅದೇ ಸರಿ ಅನ್ನಿಸುತ್ತಿದೆ.

ಕತ್ತರಿಟೇಪು:
ಸಂತೋಷ. ಬಾಗಿನ ಅವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ರವಿಕೆ ಕಣಗಳನ್ನು ಮೊದಲು ಎರಡು ಭಾಗ ಮಾಡಿ, ಹತ್ತಿ ಮತ್ತು ಉಳಿದದ್ದು. ಹತ್ತಿಯದು ಲೈನಿಂಗಿಗೆ, ಕುಲಾವಿಗೆ, ಮಕ್ಕಳ ಲಂಗದ ಒಳಪದರಕ್ಕೆ ಬರುತ್ತದೆ. ಪಾಲಿಯೆಸ್ಟರ್ ಮಿಶ್ರಣದ್ದು ಮೈಗೆ ಬೇಡ, ಚೀಲ ಮಾಡಿ. 80 ಸೆಂಟಿಮೀಟರ್ ಉದ್ದ, 90ರ ಪನ್ನ (ಅಗಲ) ಇದ್ದರೆ ಪನ್ನದಲ್ಲಿ 27 ಸೆಂಟಿಯ ಮೂರು ಪಟ್ಟಿ ಬರುತ್ತದೆ. ಪಟ್ಟಿಯ 65 ಸೆಂಟಿ ಮಡಚಿದರೆ ಒಂದು ಚೀಲ. ಮಿಕ್ಕ 15 ಸೆಂಟಿ ಹಿಡಿಕೆಗೆ. ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಆರಾಮಾಗಿ ಹಿಡಿಸುತ್ತದೆ. ಬಾಯಿಗೆ ಇಳಕಲ್ ಅಂಚಿನ ಚೂರು ಹಚ್ಚಿದರೆ ಯಾರೂ ಬಿಸಾಡುವುದಿಲ್ಲ.

ಬಾಗಿನ:
ಇದು ಬಹಳ ಚೆನ್ನಾಗಿದೆ! ಈ ಸಲ ಅರಿಶಿನ ಕುಂಕುಮಕ್ಕೆ ಕಣ ಕೊಡುವ ಬದಲು ಅದರಲ್ಲೇ ಹೊಲಿದ ಚೀಲ ಕೊಡುತ್ತೇನೆ. ಕೆಲವರಿಗೆ ಕಣವೇ ಆಗಬೇಕು, ಅವರಿಗೆ ಮಾತ್ರ ಒಳ್ಳೆಯ ಹತ್ತಿಯದು. ಚಿಕ್ಕ ತುಂಡುಗಳು ದಸರಾ ಗೊಂಬೆಗಳಿಗೆ. ಪಟ್ಟದ ಗೊಂಬೆಗೆ ಪ್ರತಿ ವರ್ಷ ಹೊಸ ಸೀರೆ ಬೇಕಲ್ಲ. ಸಂಪಿಗೆಮರ ಅವರೇ, ನಿಮ್ಮ ಸೀಳಿದ ಮೈಸೂರು ಸಿಲ್ಕ್ ಉಡಲು ಬರದೇ ಹೋದರೆ ಗೊಂಬೆಗೆ ಅದಕ್ಕಿಂತ ಚೆಂದದ್ದು ಯಾವುದಿದೆ?

ಸಂಪಿಗೆಮರ:
ಎಲ್ಲರಿಗೂ ಮನಸಾರೆ ಧನ್ಯವಾದ. ಈಗ ನೆಲದ ಮೇಲೆ ಬೇರೆ ಬೇರೆ ಗುಂಪುಗಳಿವೆ. ಚಂದ್ರಕಾಳಿ, ಗಟ್ಟಿ ಇರುವ ಇಳಕಲ್‌ಗಳು ಪಂಚೆಯಲ್ಲಿ ಸುತ್ತಿ ಬೀರುವಿಗೆ. ಇಳಕಲ್ ಒಂದನ್ನು ನಾನೇ ಉಡುತ್ತೇನೆ, ಒಂದನ್ನು ಅಕ್ಕನಿಗೆ ಕೊಡುತ್ತೇನೆ. ಜಾಳಾದ 18 ಮೊಳದ್ದು ಕೌದಿಗೆ. ಮೈಸೂರು ಸಿಲ್ಕಿಗೆ ಮೊದಲು ಹಿಂಬದಿ ಬಟ್ಟೆ ಕೊಟ್ಟು ನೋಡುತ್ತೇನೆ. ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದೆ, ಆ ಗೋಪುರ ಅಜ್ಜಿಯ ಕೈಯದೇ ಅಂತೆ. ಮದುವೆಗೆ ಮುಂಚೆ ಹಾಕಿದ್ದಂತೆ. ನಾಡಾ ಮೇಲೆ ಬರೆದು ಹೊಲಿದೆ.

ಖಣಗಳನ್ನು ಮಾತ್ರ ಆರು ಮೂಲೆಯ ತುಂಡು ಮಾಡಲು ಮನಸ್ಸು ಬರುತ್ತಿಲ್ಲ. ಹೊಸದರ ಹಾಗೇ ಇವೆ. ಕುಪ್ಪಸ ಹೊಲಿಸಿದರೆ ತಡೆಯುತ್ತವಾ?

ಕತ್ತರಿಟೇಪು:
ಎಳೆದು ನೋಡಿದಾಗ ಗಟ್ಟಿ ಇದ್ದರೆ ಧಾರಾಳವಾಗಿ ಹೊಲಿಸಿ. ಮೊದಲು ತಣ್ಣೀರಿನಲ್ಲಿ ಬೇರೆಯಾಗಿ ನೆನೆಸಿ ನೆರಳಲ್ಲಿ ಒಣಗಿಸಿ. ಖಣದ ಪನ್ನ ಕಡಿಮೆ, ಉದ್ದ ತೋಳು ಬೇಕೆಂದರೆ ಎರಡು ಖಣ ಹೊಂದಿಸಬೇಕಾಗುತ್ತದೆ. ಅಂಚನ್ನು ತೋಳಿನ ತುದಿಗೆ ಬರುವ ಹಾಗೆ ಕತ್ತರಿಸಲು ಹೇಳಿ. ಒಳಗೆ ಹತ್ತಿ ಲೈನಿಂಗ್, ಹೊಲಿಗೆಯ ಬದಿಗೆಲ್ಲ ಓವರ್‌ಲಾಕ್. ಕಂಕುಳ ಹತ್ತಿರ ಬಿಗಿ ಬೇಡ, ಹಳೇ ನೂಲು ಮೊದಲು ಬಿಡುವುದು ಅಲ್ಲೇ. ಕತ್ತರಿಸಿ ಉಳಿದ ಚೂರುಗಳನ್ನು ಟೈಲರ್ ಹತ್ತಿರ ಕೇಳಿ ವಾಪಸ್ ತೆಗೆದುಕೊಳ್ಳಿ, ನ್ಯೂಜೆರ್ಸಿಯವರು ಹೇಳಿದ ಆರು ಮೂಲೆಗೆ ಅಷ್ಟು ಸಾಕು.